ಬಾರದವನ ಬಟ್ಟಲು

ನಾನು ಬೆಳ್ಳಿ ಬಟ್ಟಲಲ್ಲಿ ಏನನ್ನೂ ಕುಡಿಯುವುದಿಲ್ಲ. ಬೀಗರು ಪ್ರೀತಿಯಿಂದ ಬಾದಾಮಿ ಹಾಲು ಕೊಟ್ಟಾಗಲೂ ಗಾಜಿನ ಲೋಟ ಕೇಳಿ ಬೈಸಿಕೊಂಡವನು. ಜಂಬವೆಂದು ತಿಳಿಯಬೇಡಿ, ಹೆದರಿಕೆ.

ಎರಡನೆಯ ಮಹಾಯುದ್ಧದ ದಿನಗಳು. ಹಾನಗಲ್ಲಿನ ನಮ್ಮ ಮನೆಯ ಮುಂದಿನ ಭಾಗದಲ್ಲಿ ಕೆರೆಗಳ ಓವರಸಿಯರರು ಬಾಡಿಗೆಗಿದ್ದರು. ಕೊಂಕಣದ ಕಡೆಯ ಯೆಹೂದಿಗಳು, ಮನೆಮಾತು ಮರಾಠಿ. ಅವರ ಹೆಂಡತಿ ರಿಬ್ಕಾಬಾಯಿಯ ಹತ್ತಿರ ಮುತ್ತಜ್ಜನ ಕಾಲದ ಒಂದು ಬೆಳ್ಳಿ ಬಟ್ಟಲಿತ್ತು. ಸಣ್ಣ ಕಾಲು, ಅಂಚಿನ ಸುತ್ತ ಸವೆದ ಹೀಬ್ರೂ ಅಕ್ಷರ. ವರ್ಷದ ಹಬ್ಬದೂಟಕ್ಕೆ ಅದರಲ್ಲಿ ಒಣದ್ರಾಕ್ಷಿಯ ರಸ ತುಂಬಿಟ್ಟು, ಯಾರೂ ಮುಟ್ಟದೆ, ಬಾಗಿಲು ತೆರೆಯುತ್ತಿದ್ದರು. ಅದು ಸತ್ತ ಹಿರಿಯರಿಗೆ ಇಟ್ಟ ಎಡೆಯೆಂದೇ ಅವ್ವ ತಿಳಿದಿದ್ದಳು. ಒಮ್ಮೆ ಕೇಳಿಯೂಬಿಟ್ಟಳು. ರಿಬ್ಕಾಬಾಯಿ ನಕ್ಕರು.

"ಸತ್ತವ್ರಿಗೆ ಅಲ್ರಿ ಅಕ್ಕಾರ. ಬರಬೇಕಾದವ್ರಿಗೆ ಇಡೂದು."

ಅವರ ಪ್ರವಾದಿಯೊಬ್ಬ ಸಾಯದೆಯೇ ಬೆಂಕಿಯ ರಥವೇರಿ ಹೋದನಂತೆ, ಒಂದು ದಿನ ಮರಳಿ ಬರುವ ಅವನಿಗಾಗಿ ಆ ಬಟ್ಟಲಂತೆ. ನಾನು ಮಾಸ್ತರನಲ್ಲವೇ, ಪಾದ್ರಿಗಳಿಂದ ಪುಸ್ತಕ ತಂದು ಅಧ್ಯಾಯ ಸಮೇತ ವಿವರಿಸಿದೆ. ನನ್ನ ಅಷ್ಟೂ ಪಾಂಡಿತ್ಯದಲ್ಲಿ ಅವ್ವ ಹೆಕ್ಕಿಕೊಂಡದ್ದು 'ಸಾಯದೆ' ಎಂಬ ಒಂದೇ ಮಾತನ್ನು.

ಅದಕ್ಕೆ ಕಾರಣವಿತ್ತು. ಪಲ್ಟನ್ ಸೇರಿ ಬರ್ಮಾಕ್ಕೆ ಹೋದ ಅಣ್ಣನ ಕಾಗದ ನಿಂತು ಎರಡು ವರ್ಷವಾಗಿತ್ತು. ಮಹಾನವಮಿಗೆ ಹಿರಿಯರ ಸಾಲಿನಲ್ಲಿ ಅವನಿಗೂ ಎಡೆ ಇಡಬೇಕೆಂದು ಕಾಕಾ ಹಟ ಹಿಡಿದಿದ್ದ. ಇಟ್ಟರೆ ಮಗ ಸತ್ತನೆಂದು ತಾಯಿಯೇ ಒಪ್ಪಿದಂತೆ. ಅವ್ವ ರಿಬ್ಕಾಬಾಯಿಯ ಮುಂದೆ ಸೆರಗೊಡ್ಡಿ ಆ ಬಟ್ಟಲು ಬೇಡಿದಳು. ಅವರು ಒಳಹೋಗಿ ತಂದುಕೊಟ್ಟರು.

ಅಂದಿನಿಂದ ಪ್ರತಿ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಬಟ್ಟಲು ಒಣದ್ರಾಕ್ಷಿಯ ರಸ ತುಂಬಿ ಕೂರುತ್ತಿತ್ತು, ಬಾಗಿಲು ತೆರೆದಿರುತ್ತಿತ್ತು. ನಮ್ಮ ಊಟ ಮುಗಿಯುವಷ್ಟರಲ್ಲಿ ರಸ ಎರಡು ಬೆರಳು ಇಳಿದಿರುತ್ತಿತ್ತು. ನಾನು ವಿಜ್ಞಾನ ಕಲಿಸುವವನು. ಸೆಕೆ ಎಂದೆ, ಬೆಕ್ಕು ಎಂದೆ, ಬಟ್ಟಲು ಸೋರುತ್ತದೆ ಎಂದೆ. ಕೊನೆಗೆ ಶಾಲೆಯ ಫೂಟಪಟ್ಟಿ ಹಿಡಿದು ಎದುರಿಗೇ ಕುಳಿತೆ. ಬೆಕ್ಕು ಬರಲಿಲ್ಲ, ನೆಲ ಒದ್ದೆಯಾಗಲಿಲ್ಲ. ರಸ ಮಾತ್ರ, ಯಾರೋ ತುಟಿ ಹಚ್ಚಿದ ಹಾಗೆ, ಗುಟುಕು ಗುಟುಕಾಗಿ ಇಳಿಯಿತು. ಸೋಮವಾರ ಮಕ್ಕಳಿಗೆ ನೀರು ಆವಿಯಾಗುವ ಪಾಠ ಹೇಳುವಾಗ ನನ್ನ ದನಿಯೇ ನನಗೆ ಸುಳ್ಳೆನಿಸಿತು.

ಯುದ್ಧ ಮುಗಿದ ಮೇಲೆ ಒಂದು ಶುಕ್ರವಾರ ಸಂಜೆ ಅಣ್ಣ ಬಾಗಿಲಲ್ಲಿ ನಿಂತಿದ್ದ. ಬರೀ ಎಲುಬು. ಅವ್ವ ಬಟ್ಟಲನ್ನೇ ಎತ್ತಿ ಅವನ ಬಾಯಿಗೆ ಹಿಡಿದಳು. ಆ ವಾರ ಅಕ್ಕಿಆಲೂರಿನ ಸಂತೆಯಲ್ಲಿ ಒಣದ್ರಾಕ್ಷಿ ಸಿಗದೆ ಬೆಲ್ಲದ ನೀರು ತುಂಬಿಟ್ಟಿದ್ದಳು. ಅಣ್ಣ ಒಂದು ಗುಟುಕು ಕುಡಿದು ಮುಖವೆತ್ತಿದ.

"ಇವತ್ತ್ಯಾಕ ದ್ರಾಕ್ಷಿ ಹಾಕಿಲ್ಲ, ಯವ್ವಾ?"

ಸಂತೆಯಲ್ಲಿ ಸಿಗಲಿಲ್ಲವೆಂದು ಅವ್ವ ದಿನದ ಮಾತಿನಂತೆ ಉತ್ತರಿಸಿದಳು. ಅಣ್ಣ ಊರು ಬಿಟ್ಟಾಗ ಆ ಓವರಸಿಯರರೂ ಅವರ ಬಟ್ಟಲೂ ಇನ್ನೂ ಹಾನಗಲ್ಲಿಗೆ ಬಂದೇ ಇರಲಿಲ್ಲ.