ಎಂಪಿ ತ್ರಿ ಎಂದುಬಿಟ್ಟೆ

ಆ ಸಂಜೆ ಮದರಾಸಿನ ಪೆರಂಬೂರಿನ ನಮ್ಮ ಮನೆಯಲ್ಲಿದ್ದವರು ನಾಲ್ಕು ಜನ: ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ, ರೈಲ್ವೆ ವರ್ಕ್‌ಶಾಪಿನಿಂದ ಬಂದು ಕಾಲು ಚಾಚಿದ್ದ ಅಪ್ಪ, ಮಗಳ ಲಗ್ನಪತ್ರಿಕೆ ಹಿಡಿದು ಬಂದಿದ್ದ ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಮತ್ತು ನಾನು. ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ಅತ್ತೆಯ ಮಡಿಲಲ್ಲಿ ಒಂದು ಹಳೇ ಕ್ಯಾಸೆಟ್ಟಿತ್ತು.

ಅದರಲ್ಲಿದ್ದದ್ದು ಅಜ್ಜಿಯ ಹಾಡುಗಳು. ಮದುವೆಯಲ್ಲಿ ಹುಡುಗ ಹುಡುಗಿಯನ್ನು ಹಸೆಗೆ ಕರೆಯುವಾಗ ಮುತ್ತೈದೆ ಹಾಡಬೇಕು ಎಂಬುದು ನಮ್ಮಲ್ಲಿ ನಡೆದುಬಂದದ್ದು. ನಮ್ಮ ಕಡೆಯವರ ಮದುವೆ ಮದರಾಸಿನಲ್ಲಿ ಎಲ್ಲೇ ನಡೆಯಲಿ, ಹಸೆಗೆ ಕರೆಯಲು ಅಜ್ಜಿಯೇ ಬೇಕಿತ್ತು. ತಾತ ಹೋದ ಮೇಲೆ ಅಜ್ಜಿ ಹಾಡು ನಿಲ್ಲಿಸಿದರು. ನಿಲ್ಲಿಸು ಅಂತ ಯಾರೂ ಹೇಳಲಿಲ್ಲ. ಹಾಡು ಅಂತಲೂ ಯಾರೂ ಹೇಳಲಿಲ್ಲ. ಆದರೆ ಕ್ಯಾಸೆಟ್ಟು ತುಂಬಿಸಿದ್ದು ತಾತ ಇದ್ದಾಗ. ಅತ್ತೆ ಅದರಲ್ಲೊಂದು ದಾರಿ ಕಂಡುಕೊಂಡಿದ್ದರು.

"ಅಣ್ಣ, ಅಮ್ಮನ ದನಿ ಇಲ್ದೆ ನನ್ನ ಮಗಳನ್ನ ಹಸೆಗೆ ಕೂರಿಸೋಕೆ ಮನಸ್ಸಿಲ್ಲ ಕಣೋ. ಕ್ಯಾಸೆಟ್ಟಿನ ದನಿಗೆ ದೋಷ ಇಲ್ವಲ್ಲ, ಆಗ ಅಮ್ಮ ಕುಂಕುಮ ಇಟ್ಕೋತಿದ್ದಳು" ಅಂದರು. ಅಜ್ಜಿ ಅಲ್ಲೇ ಕೂತಿದ್ದರು. ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ.

ಟೇಪು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಛತ್ರದಲ್ಲಿ ಸಿಡಿ ಪ್ಲೇಯರು ಇದೆ, ಸಿಡಿಗೆ ಹಾಕಿಸಿದರೆ ಒಳ್ಳೆಯದು ಎಂದು ಮಾತಾಯಿತು. ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದ ನಾನು ಮನೆಗೆಲ್ಲ ಪಂಡಿತೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಅಲ್ವೇ, ವಿಸಿಡಿ ಅಂದ್ರೇನು, ಡಿವಿಡಿ ಅಂದ್ರೇನು? ಯಾವುದಕ್ಕೆ ಹಾಕಿಸ್ತೀಯ?" ಅತ್ತೆ ಕೇಳಿದರು.

"ವಿಸಿಡಿ ಹಳೇದು ಅತ್ತೆ. ಡಿವಿಡಿ ಅದರ ಅಣ್ಣ. ಈಗ ಎಂಪಿ ತ್ರಿ ಬಂದಮೇಲೆ ಅವನ್ನ ಕೇಳೋರೇ ಇಲ್ಲ."

"ನೋಡಣ್ಣ, ನಿನ್ನ ಮಗಳು ಪುರೋಹಿತರ ಥರ! ನಮಗೆ ತಿಳೀಲಿ ಬಿಡಲಿ, ತಲೆ ಆಡಿಸ್ತಿರಬೇಕು."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ಆರು ತಿಂಗಳಲ್ಲಿ ನಾನು ಕಲಿತದ್ದು ಕಾಗದ ಟೈಪು ಮಾಡುವುದೊಂದೇ. ಈ ಮೂರು ಮೂರು ಅಕ್ಷರಗಳನ್ನು ಅಂಗಡಿಯ ಬೋರ್ಡುಗಳಲ್ಲಿ ಓದಿದ್ದೆ, ಅಷ್ಟೆ.

"ಆ ಕ್ಯಾಸೆಟ್ಟೂ ಒಂದು ಜೊತೇಲಿ ತಗೊಂಡ್ಹೋಗ್ರೇ ಛತ್ರಕ್ಕೆ" ಎಂದರು ಅಜ್ಜಿ.

"ಕ್ಯಾಸೆಟ್ಟಾ? ನೋಡಿದೋರು ನಗ್ತಾರೆ ಅಜ್ಜಿ" ಎಂದೆ.

ಟಿ. ನಗರದ ಒಂದು ಸಂದಿಯಲ್ಲಿ ಕ್ಯಾಸೆಟ್ಟನ್ನು ಸಿಡಿಗೆ ಹಾಕಿಕೊಡುವ ಅಂಗಡಿಯಿತ್ತು. ಅಂಗಡಿಯವನು ತಮಿಳಿನಲ್ಲಿ, "ಆಡಿಯೋ ಸಿಡಿಯಾಮ್ಮಾ, ಎಂಪಿ ತ್ರಿಯಾ?" ಎಂದು ಕೇಳಿದ. ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಲು ನಾಲಿಗೆ ಏಳಲಿಲ್ಲ. ಎಂಪಿ ತ್ರಿ ಎಂದುಬಿಟ್ಟೆ. ನಿಮ್ಮ ಪ್ಲೇಯರು ಅದನ್ನು ತಗೊಳ್ಳುತ್ತದಾ ಎಂದು ಆತ ಮತ್ತೆ ಕೇಳಿದ. "ಅದೆಲ್ಲಾ ಎಡುಕ್ಕುಂ" ಎಂದೆ, ಎಲ್ಲ ತಗೊಳ್ಳುತ್ತದೆ ಅಂತ. ಯಾವ ಪ್ಲೇಯರು? ನಾನು ಕಣ್ಣಲ್ಲೇ ಕಂಡಿರಲಿಲ್ಲ.

ಮದುವೆಯ ದಿನ ಹಸೆ ಬರೆದು ಮಣೆ ಹಾಕಿದರು. ಅತ್ತೆ ನನಗೆ ಕಣ್ಸನ್ನೆ ಮಾಡಿದರು. ನಾನು ಡಿಸ್ಕು ಹಾಕಿ ಗುಂಡಿ ಒತ್ತಿದೆ. ಪ್ಲೇಯರಿನ ಒಳಗೆ ಸುರ್ರೆಂದು ತಿರುಗಿದ ಸದ್ದಾಯಿತು, ಎರಡು ಸೊನ್ನೆ ಮಿನುಗಿದವು, ನಿಂತಿತು. ಮತ್ತೆ ಒತ್ತಿದೆ. ಅದೇ ಎರಡು ಸೊನ್ನೆ. ಹುಡುಗ ಹುಡುಗಿ ಕೈ ಕೈ ಹಿಡಿದು ಕಾಯುತ್ತ ನಿಂತಿದ್ದರು. ಗಂಡಿನ ಕಡೆಯ ಹೆಂಗಸೊಬ್ಬರು, "ಏನು, ನಿಮ್ಮಲ್ಲಿ ಹಾಡೋರೇ ಇಲ್ವಾ?" ಎಂದರು.

ಇದ್ದರು. ನಾಲ್ಕನೇ ಸಾಲಿನ ಕುರ್ಚಿಯಲ್ಲಿ ಅಜ್ಜಿ, ದನಿ ಸ್ವಲ್ಪವೂ ಒಡೆಯದೆ, ಪದ ಒಂದೂ ಮರೆಯದೆ. ನಮ್ಮಲ್ಲಿ ಯಾರೂ ಆ ಕಡೆ ತಿರುಗಲಿಲ್ಲ. ನಾನಂತೂ ನನ್ನ ಮಾನದ ಚಿಂತೆಯಲ್ಲಿದ್ದೆ. "ಅಂಗಡಿಯೋನು ಖಾಲಿ ಡಿಸ್ಕು ಕೊಟ್ಟು ಮೋಸ ಮಾಡಿದಾನೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಕೊನೆಗೆ ಓಲಗದವರು ಊದಿದರು. ಹಾಡಿಲ್ಲದೆ ಅತ್ತೆಯ ಮಗಳು ಹಸೆಗೆ ಬಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರನೇ ದಿನ ಅಪ್ಪ ನನ್ನನ್ನು ಕರೆದುಕೊಂಡೇ ಟಿ. ನಗರಕ್ಕೆ ಹೊರಟರು. ಬೇಡಪ್ಪ, ಹೋಗಲಿ ಬಿಡಿ ಎಂದೆ. ಕೇಳಲಿಲ್ಲ. ಜೋರು ದನಿ ಎತ್ತದ ನನ್ನಪ್ಪ ಅಂದು ನಡುಬೀದಿಯವರೆಗೂ ಕೇಳುವ ಹಾಗೆ ಅಂಗಡಿಯವನನ್ನು ಬೈದರು. ಆತ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಅಜ್ಜಿಯ ದನಿ ಅಂಗಡಿಯನ್ನೆಲ್ಲ ತುಂಬಿತು.

"ನಾನ್ ಕೇಟ್ಟೇನ್ ಸಾರ್. ಅವಂಗ ಎಲ್ಲಾಂ ತೆರಿಯುಂನ್ನಾಂಗ" ಎಂದ. ನಾನು ಕೇಳಿದ್ದೆ, ಇವರು ಎಲ್ಲ ಗೊತ್ತು ಅಂದರು, ಅಂತ.

ಆಮೇಲೆ ಆತನೇ ಬಿಡಿಸಿ ಹೇಳಿದ. ಎಂಪಿ ತ್ರಿ ಎಂದರೆ ಹಸಿ ಅಪ್ಪಳ ಇದ್ದ ಹಾಗೆ, ಒಂದು ಡಬ್ಬಿಯಲ್ಲಿ ನೂರು ಹಿಡಿಸುತ್ತದೆ, ಆದರೆ ಕರಿದುಕೊಡಲು ತಿಳಿದ ಪ್ಲೇಯರೇ ಬೇಕು. ಆಡಿಯೋ ಸಿಡಿ ಕರಿದ ಅಪ್ಪಳ. ಹತ್ತೋ ಹದಿನೈದೋ ಹಿಡಿಯುವುದು, ಎಲ್ಲಿ ಇಟ್ಟರೂ ತಿನ್ನಬಹುದು. ಛತ್ರದ ಪ್ಲೇಯರು ಹಳೆಯದು, ಅದಕ್ಕೆ ಕರಿಯಲು ಬರುತ್ತಿರಲಿಲ್ಲ. ಅಪ್ಪ ಕೈ ಮುಗಿದು ಅವನ ಕ್ಷಮೆ ಕೇಳಿದರು. ತಪ್ಪು ಮಾಡಿದ ನಾನು ಪಕ್ಕದಲ್ಲಿ ಬ್ಯಾಗಿನ ಜಿಪ್ಪು ಎಳೆಯುತ್ತ ನಿಂತಿದ್ದೆ.

ಆತ ಹೊಸದಾಗಿ ಮಾಡಿಕೊಟ್ಟ ಆಡಿಯೋ ಸಿಡಿ ಹಿಡಿದು ಬಸ್ಸು ಹತ್ತಿದೆವು. ಇಳಿಯುವ ಮುಂಚೆ ಅಪ್ಪ, "ಎಂಪಿ ತ್ರಿ ಅಂದ್ರೇನು ಅಂತ ಈಗ ಗೊತ್ತಾಯ್ತಾ?" ಎಂದರು.

"ಹ್ಞೂಂ."

"ನನಗೂ ಗೊತ್ತಾಯ್ತು ಬಿಡು."

ಎರಡು ಹೊಡೆದಿದ್ದರೆ ಮೇಲಿತ್ತು. ಅಜ್ಜಿಗೆ ವಿಷಯ ಯಾರು ಹೇಳಿದರೋ, ಅವರು ನನ್ನನ್ನು ಏನೂ ಕೇಳಲಿಲ್ಲ. ಅದಕ್ಕೇ ನಾನು ಅವರ ಮುಖ ನೋಡಿ ಮಾತಾಡಲು ಎಷ್ಟೋ ದಿನ ಹಿಡಿಯಿತು.

ಆ ವರ್ಷ ದೀಪಾವಳಿಗೆ ಹೊಸ ಮದುಮಕ್ಕಳು ನಮ್ಮ ಮನೆಗೆ ಬಂದರು. ಅವರನ್ನು ಹಸೆಗೆ ಕೂರಿಸಿ, ಅತ್ತೆ ಆರತಿ ತಟ್ಟೆ ಎತ್ತಿಕೊಂಡು "ಡಿಸ್ಕು ಹಾಕೇ" ಎಂದರು. ನಾನು ಹಾಕಲಿಲ್ಲ. "ಅಜ್ಜಿ, ನೀನೇ ಹಾಡು" ಎಂದೆ. ಅತ್ತೆಯ ಮುಖ ಬಿಗಿಯಿತು. ಅಪ್ಪ ನೆಲ ನೋಡಿದರು. ಅಜ್ಜಿ ಬಾಗಿಲ ಹತ್ತಿರದಿಂದ, "ಹಬ್ಬದ ದಿನ ಯಾಕೆ ಕಣೇ ಅದೆಲ್ಲ, ಡಿಸ್ಕೇ ಹಾಕು" ಎಂದು ಅಡಿಗೆಮನೆಗೆ ಹೋದರು. ನಾನು ಡಿಸ್ಕು ಹಾಕಿದೆ. ಈ ಸಲ ಚೆನ್ನಾಗಿ ಹಾಡಿತು.