ಮರಳವಾಡಿಯ ಹಸಿರು ದುಂಬಿ

ಬೋರಲಿಂಗಯ್ಯ ಇರುವ ತನಕ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಫೇಲಾಗುವುದು ಸುಲಭವಿರಲಿಲ್ಲ. ಕನಕಪುರದ ಆ ಕಾಲೇಜಿಗೆ ಅವರು ಲ್ಯಾಬ್ ಅಟೆಂಡರ್. ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬನೂ ತನ್ನೂರಿನ ಇಪ್ಪತ್ತು ಕೀಟ ಹಿಡಿದು, ಗುಂಡುಸೂಜಿಗೆ ಚುಚ್ಚಿ, ಊರು, ತಾರೀಕು, ಹೆಸರಿನ ಚೀಟಿ ಸೇರಿಸಿ ಒಪ್ಪಿಸಬೇಕಿತ್ತು. ಹುಳ ಹಿಡಿಯಲು ನಮಗೆಲ್ಲಿ ಪುರುಸೊತ್ತು? ಸಿನಿಮಾ ನೋಡಬೇಕಿತ್ತು. ಚನ್ನಪಟ್ಟಣದ ನನ್ನ ಸಹಪಾಠಿ ಉಜೈರ್ ಬೋರಲಿಂಗಯ್ಯನವರ ಮಗನಿಗೆ ಬಣ್ಣದ ಬುಗುರಿ ತಂದುಕೊಟ್ಟ, ನಾನು ಮರಳವಾಡಿಯಿಂದ ಬಸ್ಸಿನಲ್ಲಿ ಹಲಸಿನ ಹಣ್ಣು ಹೊತ್ತು ತಂದೆ. ಮಾರನೇ ವಾರ ಇಪ್ಪತ್ತು ಹುಳ ತಯಾರು, ದುಂಡನೆಯ ಅಕ್ಷರದ ಚೀಟಿ ಸಮೇತ.

ಹುಳಕ್ಕಾಗಿ ಅವರೇನೂ ಕಾಡುಮೇಡು ಅಲೆಯುತ್ತಿರಲಿಲ್ಲ. ಬೆಳಿಗ್ಗೆ ಗೇಟು ತೆಗೆಯಲು ಬಂದಾಗ ಗಂಡಸರ ಟಾಯ್ಲೆಟ್ಟಿನ ಟ್ಯೂಬ್‌ಲೈಟ್ ಕೆಳಗೆ ಬಿದ್ದವನ್ನೆಲ್ಲ ಬೆಂಕಿಪೊಟ್ಟಣಕ್ಕೆ ಆಯ್ದುಕೊಳ್ಳುತ್ತಿದ್ದರು. ವಿದ್ಯಾರ್ಥಿಯ ಊರು ಯಾವುದೋ ಹುಳದ ಊರೂ ಅದೇ.

ಈಗ ಆ ವಿಭಾಗಕ್ಕೆ ನಾನೇ ಮುಖ್ಯಸ್ಥ. ನಗಬೇಡಿ.

ಕಳೆದ ತಿಂಗಳು ಬೆಂಗಳೂರಿನಿಂದ ಭಾನುಪ್ರಿಯ ಎಂಬ ಸಂಶೋಧಕಿ ಬಂದರು. ಹಳೆಯ ಕೀಟ ಸಂಗ್ರಹಗಳನ್ನು ನೋಡಿ, ಯಾವ ಸೀಮೆಯಲ್ಲಿ ಹಿಂದೆ ಏನೇನಿತ್ತು ಎಂದು ಪಟ್ಟಿ ಮಾಡುವುದು ಅವರ ಕೆಲಸ. ವಿದ್ಯಾರ್ಥಿಗಳು ಒಪ್ಪಿಸಿದ ಹುಳಗಳಿದ್ದ ನಮ್ಮ ಪೆಟ್ಟಿಗೆಗಳನ್ನು ಕಂಡು ಹಿಗ್ಗಿಬಿಟ್ಟರು. ತಿಪ್ಪಸಂದ್ರ, ಕೆಂಗಲ್, ಮರಳವಾಡಿ, ಯಾವ ದಿಕ್ಕೂ ಬಿಟ್ಟಿಲ್ಲ ಎಂದರು. ಹೊಗಳಿಕೆ ಯಾರಿಗೆ ಬೇಡ? ಸಂಗ್ರಹವನ್ನು ಕಾಪಾಡಿದ ಬೋರಲಿಂಗಯ್ಯನವರಿಗೆ ಶನಿವಾರ ಸನ್ಮಾನ ಎಂದು ನಾನೇ ಸಾರಿದೆ. ಎಪ್ಪತ್ತಾರರ ಅವರು ಇಸ್ತ್ರಿ ಅಂಗಿ ತೊಟ್ಟು ಎರಡು ದಿನ ಮೊದಲೇ ಹಾಜರಾದರು.

ಅವರ ಎದುರಿಗೇ ಭಾನುಪ್ರಿಯ ಒಂದು ಹಸಿರು ದುಂಬಿ ತೋರಿಸಿದರು. ಚೀಟಿಯಲ್ಲಿ 'ಮರಳವಾಡಿ, 12-6-1991, ಮನೋಹರ್.' ಮನೋಹರ್ ಅಂದರೆ ನಾನೇ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡೆ.

"ಈ ಮಳೆಗಾಲ ಮರಳವಾಡಿಯಲ್ಲಿ ಹುಡುಕ್ತೀವಿ ಸರ್. ಸಿಗದಿದ್ದರೆ ಅಲ್ಲಿ ಅಳಿದುಹೋಗಿದೆ ಅಂತ ಬರೀತೀವಿ."

ಬೋರಲಿಂಗಯ್ಯ ನನ್ನ ಮುಖ ನೋಡಿದರು. ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದೆ. ಹೌದು, ಮಾಡಿದೆ. ನನ್ನ ಮರ್ಯಾದೆಯ ಜೊತೆಗೆ ಅವರ ಶಾಲೂ ಹೋಗುತ್ತಿತ್ತಲ್ಲ.

"ಅವ್ವಾ, ಹಂಗ್ ಬರೀಬ್ಯಾಡಿ," ಎಂದರು ಅವರು. "ಇಲ್ದೇ ಇದ್ದ ಊರಲ್ಲಿ ಅದು ಅಳದೋಯ್ತು ಅಂದ್ರೆ ಹೆಂಗೆ? ಅದು ಇಲ್ಲಿ ಟಾಯ್ಲೆಟ್ ಲೈಟ್ ಕೆಳಗೆ ಬಿದ್ದಿದ್ದು. ಊರೆಲ್ಲಾ ನಾನೇ ಸುಳ್ಳು ಬರೆದ್ಬುಟ್ಟೆ. ಶಾಲೂ ಬ್ಯಾಡ, ಏನೂ ಬ್ಯಾಡ."

ಹಲಸಿನ ಹಣ್ಣಿನ ಸುದ್ದಿ ಎತ್ತಲಿಲ್ಲ, ಪುಣ್ಯಾತ್ಮ. ನನಗೆ ನಾಚಿಕೆಯಾಯಿತು. ಹಣ್ಣಿನ ಕಥೆಯನ್ನು ನಾನೇ ಹೇಳಿದೆ.

ಭಾನುಪ್ರಿಯ ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದರು, "ತಾರೀಕೂ ಸುಳ್ಳಾ ಅಯ್ಯಾ?"

ಬೋರಲಿಂಗಯ್ಯನವರಿಗೆ ಸಿಟ್ಟೇ ಬಂತು. "ಎಲ್ಲಾರಾ ಉಂಟಾ? ಸತ್ತ ದಿನಾನ ತಪ್ಪು ಬರೀತಾರಾ? ಮನುಸಂಗಾದ್ರೇನು, ಹುಳುಕ್ಕಾದ್ರೇನು, ತಿಥಿ ತಿಥೀನೇ. ಕ್ಯಾಲೆಂಡರ್ ನೋಡೇ ಬರೀತಿದ್ದೆ."

"ಎಷ್ಟು ವರ್ಷ?"

"ಇಪ್ಪತ್ತೆರಡು."

ಆಕೆ ಕುರ್ಚಿಯಿಂದ ಎದ್ದೇಬಿಟ್ಟರು. ಹತ್ತು ಊರಿನ ಸಂಗ್ರಹ ಸುಳ್ಳಾಗಿತ್ತು, ನಿಜ. ಆದರೆ ಒಂದೇ ಜಾಗ, ಒಂದೇ ದೀಪ, ಇಪ್ಪತ್ತೆರಡು ವರ್ಷ, ದಿನ ತಪ್ಪದ ತಾರೀಕು. ಯಾವ ಹುಳ ಯಾವ ತಿಂಗಳು ಬರುತ್ತಿತ್ತು, ಯಾವ ವರ್ಷದಿಂದ ಬರುವುದು ನಿಂತಿತು, ಎಲ್ಲವನ್ನೂ ಅದರಿಂದ ಲೆಕ್ಕ ಹಾಕಬಹುದಂತೆ. ಹಸಿರು ದುಂಬಿ 1998ರ ನಂತರ ಒಂದೂ ಇರಲಿಲ್ಲ.

ಸನ್ಮಾನ ಶನಿವಾರವೇ ನಡೆಯಿತು. ಶಾಲು ಹೊದಿಸಿದ್ದು ನಾನೇ.

ಇನ್ನು ಚೀಟಿಗಳು. ಹಳೆಯದನ್ನು ಎಸೆಯುವ ಹಾಗಿಲ್ಲವಂತೆ, ಅದರ ಕೆಳಗೆ ಅದೇ ಸೂಜಿಗೆ ನಿಜದ ಚೀಟಿ ಪೋಣಿಸಬೇಕಂತೆ. ಹಾಗಾಗಿ ನನ್ನ ಸುಳ್ಳು ಆ ಪೆಟ್ಟಿಗೆಯಲ್ಲಿ ನಾನು ಸತ್ತ ಮೇಲೂ ಇರುತ್ತದೆ. ಆರುನೂರಕ್ಕೂ ಹೆಚ್ಚು ಚೀಟಿ ಬರೆಯುವ ಕೆಲಸ ನಾನೇ ವಹಿಸಿಕೊಂಡೆ: 'ಕಾಲೇಜು ಟಾಯ್ಲೆಟ್ ದೀಪ, ಕನಕಪುರ. ಹಿಡಿದವರು: ಬೋರಲಿಂಗಯ್ಯ.' ಮೂವತ್ತು ವರ್ಷ ತಡವಾಗಿ ನನ್ನ ರೆಕಾರ್ಡ್ ನಾನೇ ಬರೆಯುತ್ತಿದ್ದೇನೆ. ಅವರು ದಿನಾ ಬಂದು ಎದುರಿಗೆ ಕೂರುತ್ತಾರೆ.

"ಸಾ, ತಾರೀಕು ಒಸಿ ನೋಡ್ಕಂಡು ಬರೀರಿ."