ಗುಂಗಾಡಿಯ ಜಾತಿ ಹೇಳುವವ

ಚಳಿಜ್ವರ ತಿರುಗಿ ತಲೆಯೆತ್ತಿದ ಎಪ್ಪತ್ತಾರರಲ್ಲಿ ಸಿಂದಗಿಯ ಹಳ್ಳಿಗಳಿಗೆಲ್ಲ ಸೈಕಲ್ಲಿಗೆ ಬಿಳಿ ತಾಟು ಕಟ್ಟಿಕೊಂಡು ಬರುತ್ತಿದ್ದವನು ಮಲೇರಿಯಾ ಖಾತೆಯ ಬಾಬುಲಾಲ. ಬಂದವನೇ ಮನುಷ್ಯರಿಗೆ ನಮಸ್ಕಾರ ಹೇಳುವ ಮೊದಲು ದನದ ಕೊಟ್ಟಿಗೆ ಹೊಕ್ಕು ಗೋಡೆ ನೋಡುತ್ತಿದ್ದ. ಗುಂಗಾಡಿ, ಅಂದರೆ ಸೊಳ್ಳೆ, ಕೂತ ರೀತಿಯಲ್ಲೇ ಅದರ ಜಾತಿ ಹೇಳುವನು. "ಬೆನ್ನು ಬಾಗಿಸಿ ಕುಂತದ್ದು ಗಟಾರದ್ದು, ಬರೇ ತುರಿಕಿ. ಕುಂಡಿ ಎತ್ತಿ ಕುಂತೈತಿ ನೋಡ್ರಿ, ಇದು ಜ್ವರದ್ದು. ಇದಕ್ಕ ತಿಳಿನೀರ ಬೇಕ್ರಿ." ಹೆಣ್ಣು ನೋಡಲು ಹೋದಾಗಲೂ ಹುಡುಗಿಗಿಂತ ಮೊದಲು ಆ ಮನೆಯ ನೀರಿನ ಹರವಿಯಲ್ಲಿ ಇಣುಕಿದನಂತೆ. ಆ ವರ್ಷ ನಮ್ಮೂರ ಗೌಡ, ಜ್ವರ ಹುಟ್ಟುವುದು ಕೇರಿಯ ಗಟಾರದಲ್ಲಿ ಎಂದು ಹೇಳಿ, ಅಲ್ಲಿನ ಹದಿನೆಂಟು ಗುಡಿಸಲು ಕೀಳಿಸಲು ನಿಂತ. ಅದಕ್ಕೆ ಬಾಬುಲಾಲನ ಸಹಿ ಬೇಕಿತ್ತು. ಬಾಬುಲಾಲ ಗಟಾರದ ನೀರು ಮೊಗೆದು ನೋಡಿದ. ಗುಂಗಾಡಿಯ ಮರಿಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು, ಬರೇ ತುರಿಕೆಯ ಜಾತಿ. ಆಮೇಲೆ ಗೌಡನ ಬಾವಿಯ ಮೆಟ್ಟಿಲಿಳಿದು, ತಾಟು ತುಂಬ ತಿಳಿನೀರು ತಂದು ಚಾವಡಿಯಲ್ಲಿ ಗೌಡನ ಮುಂದಿಟ್ಟ. ಅದರಲ್ಲಿ ಕಡ್ಡಿಯಂಥ ಹುಳುಗಳು ನೀರ ಮೇಲೆ ಅಡ್ಡ ಮಲಗಿದ್ದವು. "ಹಿಂಗ ಮಲಗೂದು ಜ್ವರದ್ದು, ಗೌಡ್ರ. ನಿಮ್ಮ ಬಾವ್ಯಾಗ ಬೆಳದೈತಿ." "ಏ ಬಾಬ್ಯಾ, ಗಟಾರ ಅಂತ ಬರದು ಸಹಿ ಹಾಕಲೇ. ಇಲ್ಲಾಂದ್ರ ನಾಳೆ ಮುದ್ದೇಬಿಹಾಳಕ್ಕ ವರ್ಗ ಮಾಡಸ್ತೇನಿ!" "ಮಾಡಸ್ರಿ. ಅಲ್ಲೂ ಬಾವಿ ಅದಾವ. ಆದ್ರ ನೀವು ಬಗ್ಗಿ ನೋಡೋತನಕ ಈ ತಾಟ ಎತ್ತೂದಿಲ್ರಿ." ಹೊತ್ತು ಏರಿತು, ಕೇರಿಯವರೆಲ್ಲ ಬಂದು ನಿಂತರು, ಬಾಬುಲಾಲ ತಾಟಿನ ಪಕ್ಕದಿಂದ ಕದಲಲಿಲ್ಲ. ಕಡೆಗೆ ಗೌಡ ಬಗ್ಗಿದ. ಆ ಚಾವಡಿಯಲ್ಲಿ ಅವನು ಕೇರಿಯವರೆದುರು ತಲೆ ಬಾಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.